ಸ್ಯಾಕ್ಸ್ ಸಂಸಾರದ ಮರೆಯ ಮಕ್ಕಳು

ಸ್ಯಾಕ್ಸೊಫೋನ್ ಮೊದಲು ಹುಟ್ಟಿದ್ದು ಬಾಸ್ ಗಾತ್ರದಲ್ಲಿ. ಇವತ್ತು ಆ ಹೆಸರು ಕೇಳಿದರೆ ಕಣ್ಣಿಗೆ ಕಟ್ಟುವುದು ಕೊರಳಪಟ್ಟಿಗೆ ನೇತುಹಾಕಿ ನುಡಿಸುವ, ಡೊಂಕು ಬಾಲದ ಆಲ್ಟೊ ಅಥವಾ ಟೆನರ್. 1840ರ ದಶಕದ ಆರಂಭದಲ್ಲಿ ಬೆಲ್ಜಿಯಂನ ವಾದ್ಯ ತಯಾರಕ ಅಡಾಲ್ಫ್ ಸ್ಯಾಕ್ಸ್ ರೂಪಿಸಿದ್ದು ಅದಲ್ಲ. ಅದು ಮಂದ್ರದಲ್ಲಿ ಗುಡುಗುವ ದೊಡ್ಡ ಗಾತ್ರದ ಹಿತ್ತಾಳೆ ಕೊಳವೆ. ಪ್ಯಾರಿಸ್ಸಿನ ಸಂಗೀತ ರಚನಕಾರ ಹೆಕ್ಟರ್ ಬೆರ್ಲಿಯೋಜ್ 1842ರ ಜೂನ್‌ನಲ್ಲಿ ಪತ್ರಿಕೆಯೊಂದರಲ್ಲಿ ಹೊಗಳಿ ಬರೆದದ್ದು ಇದೇ ಮಂದ್ರ ವಾದ್ಯದ ಬಗ್ಗೆ. 1844ರ ಫೆಬ್ರುವರಿ 3ರಂದು ಪ್ಯಾರಿಸ್ಸಿನಲ್ಲಿ ಬೆರ್ಲಿಯೋಜ್ ನಡೆಸಿದ ಕಛೇರಿಯಲ್ಲಿ ಸ್ಯಾಕ್ಸ್ ಸ್ವತಃ ಅದನ್ನು ನುಡಿಸಿದ. ವಾದ್ಯ ಇನ್ನೂ ಪೂರ್ತಿಯಾಗಿರಲಿಲ್ಲ, ದಾರ ಸುತ್ತಿ ಅರಗು ಮೆತ್ತಿ ಹೇಗೋ ವೇದಿಕೆಗೆ ತಂದಿದ್ದ ಎಂಬ ಕಥೆಯೂ ಇದೆ. ಕಥೆ ಎಷ್ಟು ನಿಜವೋ, ಸ್ಯಾಕ್ಸ್‌ನ ಸ್ವಭಾವಕ್ಕಂತೂ ಒಪ್ಪುತ್ತದೆ.

1814ರ ನವೆಂಬರ್ 6ರಂದು ದಿನಾಂ ಎಂಬ ನದಿ ದಂಡೆಯ ಊರಿನಲ್ಲಿ ಹುಟ್ಟಿದ ಸ್ಯಾಕ್ಸ್, ವಾದ್ಯ ಮಾಡುವ ತಂದೆಯ ಕಾರ್ಖಾನೆಯಲ್ಲೇ ಬೆಳೆದವನು. ಬಾಸ್ ಕ್ಲಾರಿನೆಟ್ಟನ್ನು ತಿದ್ದಿ ಸರಿಮಾಡಿ 1838ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದ. ಅವನ ತಲೆ ಕೊರೆಯುತ್ತಿದ್ದುದು ಮಿಲಿಟರಿ ಬ್ಯಾಂಡುಗಳ ಮಂದ್ರಸ್ಥಾಯಿಯ ಬಡತನ. ಬಯಲಿನಲ್ಲಿ ನುಡಿಸುವಾಗ ತಂತಿವಾದ್ಯಗಳು ಕೇಳುವುದಿಲ್ಲ. ಮರದ ವಾದ್ಯಗಳ ಕೆಳಸ್ವರಗಳು ಗಾಳಿಯಲ್ಲಿ ಕರಗಿಹೋಗುತ್ತವೆ. ಹಿತ್ತಾಳೆ ವಾದ್ಯಗಳಿಗೆ ಗಂಟಲಿದೆ, ಆದರೆ ನಯ ಕಡಿಮೆ. ಈ ಮೂರರ ನಡುವೆ ನಿಲ್ಲುವ ಒಂದು ಧ್ವನಿ ಬೇಕಿತ್ತು. ಆಗ ಬ್ಯಾಂಡುಗಳಲ್ಲಿ ಚಾಲ್ತಿಯಲ್ಲಿದ್ದ ಓಫಿಕ್ಲೈಡ್ ಎಂಬ ಅಗಲ ಕೊಳವೆಯ ವಾದ್ಯದ ಒಡಲಿಗೆ ಕ್ಲಾರಿನೆಟ್ಟಿನ ಬಗೆಯ ಮೌತ್‌ಪೀಸನ್ನೂ ಒಂಟಿ ರೀಡನ್ನೂ ಜೋಡಿಸಿದಾಗ ಸಿಕ್ಕ ಧ್ವನಿಯಿಂದ ಸ್ಯಾಕ್ಸೊಫೋನ್ ಬೆಳೆಯಿತು ಎಂಬುದು ಬಹುಮಂದಿ ಒಪ್ಪುವ ವಿವರಣೆ.

ಆದರೆ ಸ್ಯಾಕ್ಸ್ ಒಂದು ವಾದ್ಯಕ್ಕೆ ನಿಲ್ಲಲಿಲ್ಲ. 1846ರಲ್ಲಿ ಫ್ರಾನ್ಸ್‌ನಲ್ಲಿ ಅವನು ಪೇಟೆಂಟ್ ಪಡೆದದ್ದು ಒಂದು ಇಡೀ ಕುಟುಂಬಕ್ಕೆ. ಅತಿ ತಾರದಿಂದ ಅತಿ ಮಂದ್ರದವರೆಗೆ, ಒಂದೇ ಆಕಾರ, ಒಂದೇ ಬೆರಳುವರಸೆ, ಒಂದೇ ಬಣ್ಣದ ಧ್ವನಿ. ಗಾತ್ರ ಮಾತ್ರ ಬೇರೆ. ಪಿಟೀಲಿನಿಂದ ಡಬಲ್ ಬಾಸ್‌ವರೆಗೆ ತಂತಿವಾದ್ಯಗಳಿಗೆ ಇರುವ ಒಗ್ಗಟ್ಟು ಊದುವ ವಾದ್ಯಗಳಿಗೂ ಬರಬೇಕು ಎಂಬುದು ಅವನ ಹಂಬಲ. ಸ್ಯಾಕ್ಸೊಫೋನ್ ಮೂಲತಃ ಒಂಟಿ ಕಲಾವಿದನ ವಾದ್ಯವಲ್ಲ, ಮೇಳದ ವಾದ್ಯ. ಮುಂದಿನ ನೂರಾ ಎಂಬತ್ತು ವರ್ಷಗಳಲ್ಲಿ ಮಾರುಕಟ್ಟೆ ಆ ಕುಟುಂಬವನ್ನು ನಾಲ್ಕು ಮಂದಿಗೆ ಇಳಿಸಿತು. ಉಳಿದ ಗಾತ್ರಗಳನ್ನು ಸಾಯದಂತೆ ಕಾಪಾಡಿದ್ದು, ಸತ್ತವನ್ನು ಎಬ್ಬಿಸಿದ್ದು ಬಹುಮಟ್ಟಿಗೆ ಸ್ಯಾಕ್ಸೊಫೋನ್ ಮೇಳಗಳೇ.

ಒಂದೇ ಬೆರಳುವರಸೆ

ಕುಟುಂಬ ಸಾಧ್ಯವಾದದ್ದು ಕೊಳವೆಯ ಆಕಾರದಿಂದ. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ. ಅದರಲ್ಲಿ ಮೇಲಿನ ಸ್ಥಾಯಿಗೆ ಹಾರಿಸಿದರೆ ಷಡ್ಜದ ಮೇಲೆ ತಾರಷಡ್ಜ ಬರುವುದಿಲ್ಲ, ತಾರಸ್ಥಾಯಿಯ ಪಂಚಮ ಬರುತ್ತದೆ. ಆದ್ದರಿಂದ ಕೆಳಗೊಂದು, ಮೇಲೊಂದು ಬೆರಳುವರಸೆ ಕಲಿಯಬೇಕು. ಸ್ಯಾಕ್ಸೊಫೋನಿನ ಕೊಳವೆ ಬಾಯಿಂದ ಬುಡಕ್ಕೆ ಅಗಲವಾಗುತ್ತ ಹೋಗುವ ಶಂಕು. ಶಂಕುವಿನಲ್ಲಿ ಗಾಳಿ ಹಾರಿದರೆ ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ಹಾರುತ್ತದೆ. ಬೆರಳುಗಳು ಇದ್ದಲ್ಲೇ ಇರುತ್ತವೆ, ಹೆಬ್ಬೆರಳು ಒಂದು ಕೀಲಿ ಒತ್ತಿದರೆ ಸಾಕು. ಹೀಗಾಗಿ ಆಲ್ಟೊ ಕಲಿತವರು ಬಾಸ್ ಎತ್ತಿಕೊಂಡರೆ ಬೆರಳುಗಳಿಗೆ ಹೊಸ ಪಾಠವಿಲ್ಲ. ತುಟಿಗೆ, ಉಸಿರಿಗೆ, ಬೆನ್ನಿಗೆ ಮಾತ್ರ ಇದೆ.

ಗಾತ್ರಗಳು ಬಿ ಫ್ಲಾಟ್ ಮತ್ತು ಇ ಫ್ಲಾಟ್ ಶ್ರುತಿಗಳಲ್ಲಿ ಒಂದು ಬಿಟ್ಟು ಒಂದರಂತೆ ಇಳಿಯುತ್ತವೆ. ಮೇಲಿನಿಂದ ಹೇಳುವುದಾದರೆ ಸೋಪ್ರಿಲ್ಲೊ, ಸೋಪ್ರನೀನೊ, ಸೋಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್, ಬಾಸ್, ಕಾಂಟ್ರಾಬಾಸ್, ಸಬ್‌ಕಾಂಟ್ರಾಬಾಸ್. ಎಲ್ಲದಕ್ಕೂ ಬರೆಯುವ ಸಂಗೀತಲಿಪಿ ಒಂದೇ, ಹೊರಡುವ ಶ್ರುತಿ ಬೇರೆ. ಈ ಸಾಲಿನ ಎರಡು ತುದಿಗಳ ನಡುವಿನ ಅಂತರ ಅಚ್ಚರಿಯದು. ಸೋಪ್ರಿಲ್ಲೊದ ತೀರಾ ಕೆಳಗಿನ ಸ್ವರ ಸುಮಾರು 415 ಹರ್ಟ್ಜ್. ಅದೇ ಬೆರಳಿಟ್ಟು ಸಬ್‌ಕಾಂಟ್ರಾಬಾಸ್ ಊದಿದರೆ ಹೊರಡುವುದು ಸುಮಾರು 26 ಹರ್ಟ್ಜ್. ನಾಲ್ಕು ಸ್ಥಾಯಿ ಕೆಳಗೆ. ಮನುಷ್ಯನ ಕಿವಿಯ ಕೆಳಮಿತಿ 20 ಹರ್ಟ್ಜ್ ಆಸುಪಾಸು ಎಂಬುದನ್ನು ನೆನೆದರೆ, ಅಲ್ಲಿ ಸ್ವರಕ್ಕಿಂತ ಮಿಡಿತವೇ ಹೆಚ್ಚು ಕೇಳಿಸುತ್ತದೆ.

ಇವುಗಳ ಜೊತೆಗೆ ಸಿ ಮತ್ತು ಎಫ್ ಶ್ರುತಿಯ ಇನ್ನೊಂದು ಸಾಲೂ ಸ್ಯಾಕ್ಸ್‌ನ ಯೋಜನೆಯಲ್ಲಿತ್ತು. ಬಿ ಫ್ಲಾಟ್, ಇ ಫ್ಲಾಟ್ ಸಾಲು ಮಿಲಿಟರಿ ಬ್ಯಾಂಡಿಗೆ. ಸಿ, ಎಫ್ ಸಾಲು ಆರ್ಕೆಸ್ಟ್ರಾಕ್ಕೆ. ಬ್ಯಾಂಡಿನ ಸಾಲು ಬದುಕಿತು, ಆರ್ಕೆಸ್ಟ್ರಾದ ಸಾಲು ನೆಲೆ ಕಾಣಲಿಲ್ಲ. ರಿಚರ್ಡ್ ಸ್ಟ್ರಾಸ್ 1904ರಲ್ಲಿ ಮೊದಲ ಪ್ರದರ್ಶನ ಕಂಡ ತನ್ನ ‘ಸಿಂಫೋನಿಯಾ ಡೊಮೆಸ್ಟಿಕಾ’ದಲ್ಲಿ ನಾಲ್ಕು ಸ್ಯಾಕ್ಸೊಫೋನುಗಳಿಗೆ ಬರೆದದ್ದು ಈ ಎರಡನೆಯ ಸಾಲಿನ ವಾದ್ಯಗಳಿಗೇ. ಮೌರಿಸ್ ರವೆಲ್‌ನ ‘ಬೊಲೆರೊ’ದ (1928) ಲಿಪಿಯಲ್ಲಿ ಎಫ್ ಶ್ರುತಿಯ ಸೋಪ್ರನೀನೊ ಬೇಕೆಂದು ನಮೂದಾಗಿದೆ. ಸಿಗದ ವಾದ್ಯಕ್ಕೆ ಬರೆದ ಭಾಗವನ್ನು ಇಂದಿಗೂ ಸಾಮಾನ್ಯವಾಗಿ ಸೋಪ್ರಾನೊದಲ್ಲಿ ನುಡಿಸಿ ತೂಗಿಸುತ್ತಾರೆ.

ಬ್ಯಾಂಡಿನಿಂದ ಚತುಷ್ಟಯಕ್ಕೆ

ಫ್ರಾನ್ಸ್‌ನ ಸೈನ್ಯ ಸ್ಯಾಕ್ಸ್‌ನ ವಾದ್ಯಗಳನ್ನು ಒಪ್ಪಿಕೊಂಡದ್ದು ಪಂದ್ಯವೊಂದರ ಬಳಿಕ. 1845ರ ಏಪ್ರಿಲ್ 22ರಂದು ಪ್ಯಾರಿಸ್ಸಿನ ಶಾಂ ದ ಮಾರ್ಸ್ ಮೈದಾನದಲ್ಲಿ ಹಳೆ ಮಾದರಿಯ ಬ್ಯಾಂಡು ಒಂದು ಕಡೆ, ಸ್ಯಾಕ್ಸ್ ಕಟ್ಟಿದ ಬ್ಯಾಂಡು ಇನ್ನೊಂದು ಕಡೆ. ಜನರ ಮೆಚ್ಚುಗೆ ಸ್ಯಾಕ್ಸ್‌ಗೆ ದೊರೆಯಿತು, ಜೊತೆಗೆ ಸರ್ಕಾರದ ಬೇಡಿಕೆಯೂ. ಪ್ರತಿಸ್ಪರ್ಧಿ ತಯಾರಕರು ಸುಮ್ಮನಿರಲಿಲ್ಲ. ಪೇಟೆಂಟ್ ವ್ಯಾಜ್ಯಗಳು ಅವನ ಬದುಕಿನುದ್ದಕ್ಕೂ ಬೆನ್ನಟ್ಟಿದವು. ಮೂರು ಸಲ ದಿವಾಳಿಯಾಗಿ, 1894ರಲ್ಲಿ ಬಡವನಾಗಿಯೇ ತೀರಿಕೊಂಡ.

ಮೇಳದ ಕನಸಿಗೆ ಸಂಗೀತವಿಲ್ಲದೆ ನಡೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. 1857ರಲ್ಲಿ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಮಿಲಿಟರಿ ವಿದ್ಯಾರ್ಥಿಗಳಿಗಾಗಿ ಸ್ಯಾಕ್ಸೊಫೋನ್ ತರಗತಿ ಆರಂಭವಾಯಿತು, ಪಾಠ ಹೇಳುವವನು ಸ್ಯಾಕ್ಸ್. ಅದೇ ವರ್ಷ ಅವನ ಬೆಲ್ಜಿಯನ್ ಗೆಳೆಯ ಜಾನ್ ಬಾಪ್ಟಿಸ್ಟ್ ಸಿಂಜಲೇ ಸೋಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ನಾಲ್ಕಕ್ಕೆ ಒಂದು ಚತುಷ್ಟಯ ಬರೆದ. ಈ ಜೋಡಣೆಗೆ ಬಂದ ಅತಿ ಹಳೆಯ ದೊಡ್ಡ ಕೃತಿ ಅದು. ಸ್ಯಾಕ್ಸ್ ತಾನೇ ಪ್ರಕಾಶಕನಾಗಿ ಇಂಥ ರಚನೆಗಳನ್ನು ಅಚ್ಚು ಹಾಕಿಸಿದ. 1870ರಲ್ಲಿ ಪ್ರಷ್ಯದ ಜೊತೆ ಯುದ್ಧ ಬಂತು, ತರಗತಿ ನಿಂತಿತು. ಅಲ್ಲಿ ಸ್ಯಾಕ್ಸೊಫೋನ್ ಮತ್ತೆ ಪಾಠಪಟ್ಟಿಗೆ ಬರಲು 1942ರವರೆಗೆ ಕಾಯಬೇಕಾಯಿತು. ಎಪ್ಪತ್ತೆರಡು ವರ್ಷ ಗುರುಪರಂಪರೆಯೇ ಇಲ್ಲದ ವಾದ್ಯ ಉಳಿದದ್ದು ಮಿಲಿಟರಿ ಬ್ಯಾಂಡಿನ ದಯೆಯಿಂದ.

ಆ ಬ್ಯಾಂಡುಗಳಲ್ಲೊಂದು ಪ್ಯಾರಿಸ್ಸಿನ ರಿಪಬ್ಲಿಕನ್ ಗಾರ್ಡ್‌ನದು. ಅದರಲ್ಲಿ ನುಡಿಸುತ್ತಿದ್ದ ಮಾರ್ಸೆಲ್ ಮ್ಯೂಲ್ 1928ರಲ್ಲಿ ಸಹೋದ್ಯೋಗಿಗಳನ್ನು ಸೇರಿಸಿ ಒಂದು ಚತುಷ್ಟಯ ಕಟ್ಟಿದರು. ಸೋಪ್ರಾನೊ ಮ್ಯೂಲ್ ಕೈಯಲ್ಲಿ. ನುಡಿಸಲು ಹೊಸ ಸಂಗೀತವಿರಲಿಲ್ಲ. ತಂತಿವಾದ್ಯಗಳ ಕೃತಿಗಳನ್ನು ಒಗ್ಗಿಸಿಕೊಂಡು ಶುರುಮಾಡಿದರು. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ರಷ್ಯದ ಅಲೆಕ್ಸಾಂಡರ್ ಗ್ಲಾಜುನೊವ್ ಅವರಿಗಾಗಿ 1932ರಲ್ಲಿ ಬಿ ಫ್ಲಾಟ್ ಚತುಷ್ಟಯ ರಚಿಸಿದರು. ಜಾನ್ ಫ್ರಾಂಸೆ, ಗಾಬ್ರಿಯೆಲ್ ಪಿಯರ್ನೆ ಮುಂತಾದವರು ಹಿಂಬಾಲಿಸಿದರು. ಡಾನ್ಸ್ ಹಾಲಿನ ವಾದ್ಯವೆಂದು ಮೂಗು ಮುರಿಯುತ್ತಿದ್ದವರು ಕಛೇರಿ ಮನೆಯಲ್ಲಿ ಕೂತು ಕೇಳತೊಡಗಿದ್ದು ಆಗ. 1942ರಲ್ಲಿ ಕನ್ಸರ್ವೇಟರಿಯ ತರಗತಿ ಮತ್ತೆ ತೆರೆದಾಗ ಪ್ರಾಧ್ಯಾಪಕರಾದವರು ಮ್ಯೂಲ್, 1968ರವರೆಗೆ ಅಲ್ಲಿದ್ದರು.

ಮ್ಯೂಲ್ ಮಾದರಿಗೆ ಲಾಭದ ಜೊತೆ ಒಂದು ನಷ್ಟವೂ ಇತ್ತು. ಸೋಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂಬ ನಾಲ್ವರೇ ಕುಟುಂಬ ಎಂಬ ಭಾವನೆ ಗಟ್ಟಿಯಾಯಿತು. ರಚನಕಾರರು ಈ ನಾಲ್ಕಕ್ಕೆ ಬರೆದರು, ವಿದ್ಯಾರ್ಥಿಗಳು ಈ ನಾಲ್ಕನ್ನು ಕೊಂಡರು, ಕಾರ್ಖಾನೆಗಳು ಈ ನಾಲ್ಕನ್ನು ಮಾಡಿದವು.

ಹುಚ್ಚೆದ್ದ ಅಮೆರಿಕ

ಅಟ್ಲಾಂಟಿಕ್‌ನ ಆಚೆ ಕಥೆ ಬೇರೆ ದಾರಿ ಹಿಡಿದಿತ್ತು. 1872ರಲ್ಲಿ ಬಾಸ್ಟನ್ನಿನ ಭಾರಿ ಸಂಗೀತೋತ್ಸವಕ್ಕೆ ಪ್ಯಾರಿಸ್ಸಿನ ಗಾರ್ಡ್ ಬ್ಯಾಂಡು ಬಂದುಹೋದ ಮೇಲೆ, ಉತ್ಸವ ನಡೆಸಿದ ಪ್ಯಾಟ್ರಿಕ್ ಗಿಲ್ಮೋರ್ ತನ್ನ ಬ್ಯಾಂಡಿಗೆ ಸ್ಯಾಕ್ಸೊಫೋನುಗಳನ್ನು ಸೇರಿಸಿಕೊಂಡ. ಅವನಲ್ಲಿ ನುಡಿಸುತ್ತಿದ್ದ ಡಚ್ ಮೂಲದ ಎಡ್ವರ್ಡ್ ಲೆಫೆಬರ್ ಚತುಷ್ಟಯ ಕಟ್ಟಿ ಊರೂರು ಸುತ್ತಿದ. 1880ರ ದಶಕದ ಕೊನೆಗೆ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್‌ನಲ್ಲಿ ಸಿ.ಜಿ. ಕಾನ್ ಕಂಪನಿ ಅಮೆರಿಕದಲ್ಲೇ ಸ್ಯಾಕ್ಸೊಫೋನ್ ತಯಾರಿಸಲು ಶುರುಮಾಡಿತು. ಆಮೇಲೆ ಬಂದದ್ದು ಸಿಕ್ಸ್ ಬ್ರೌನ್ ಬ್ರದರ್ಸ್. ವಿದೂಷಕರ ವೇಷ ತೊಟ್ಟು, ಆಲ್ಟೊದಿಂದ ಬಾಸ್‌ವರೆಗಿನ ವಾದ್ಯ ಹಿಡಿದು ವಾಡವಿಲ್ ರಂಗದ ಮೇಲೆ ಕುಣಿಯುತ್ತ ನುಡಿಸುತ್ತಿದ್ದ ಆರು ಮಂದಿ. 1910ರ ದಶಕದಲ್ಲಿ ಅವರ ಗ್ರಾಮಫೋನ್ ತಟ್ಟೆಗಳು ಮನೆಮನೆ ಸೇರಿದವು. ಜಾಸ್ ಎಂಬ ಹೆಸರು ಜನರ ಬಾಯಿಗೆ ಬರುವ ಮುನ್ನವೇ ಅಮೆರಿಕದ ಸಾಮಾನ್ಯರು ಸ್ಯಾಕ್ಸೊಫೋನಿಗೆ ಮರುಳಾದದ್ದು ಬಹುಪಾಲು ಈ ಹಾಸ್ಯಮೇಳದಿಂದ. ಗಂಭೀರ ಸಂಗೀತದ ಚರಿತ್ರೆ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ನ್ಯಾಯವಲ್ಲ.

1920ರ ದಶಕ ಸ್ಯಾಕ್ಸೊಫೋನಿನ ಹುಚ್ಚಿನ ಕಾಲ. ಆ ಹುಚ್ಚಿನಲ್ಲಿ ಅತಿ ಹೆಚ್ಚು ಲಾಭ ಪಡೆದದ್ದು ಇಂದು ಹಳೆ ಸಾಮಾನಿನ ಅಂಗಡಿಯಲ್ಲಿ ದೂಳು ಹಿಡಿದಿರುವ ಸಿ ಮೆಲೊಡಿ. ಇದು ಆಲ್ಟೊಗೂ ಟೆನರ್‌ಗೂ ನಡುವಿನ, ಸಿ ಶ್ರುತಿಯ ವಾದ್ಯ. ಮನೆಯ ಪಿಯಾನೊ ಮೇಲಿಟ್ಟ ಹಾಡಿನ ಹಾಳೆಯನ್ನು ಪಿಯಾನೊ ನುಡಿಸುವವರ ಹಿಂದೆ ನಿಂತು ಹಾಗೆಯೇ ಓದಿ ನುಡಿಸಬಹುದು. ಬಿ ಫ್ಲಾಟ್, ಇ ಫ್ಲಾಟ್ ವಾದ್ಯಗಳಂತೆ ಸ್ವರ ಮಾರ್ಪಡಿಸಿಕೊಳ್ಳುವ ತಾಪತ್ರಯವಿಲ್ಲ. ಕಂಪನಿಗಳು ಇದನ್ನೇ ಜಾಹೀರಾತು ಮಾಡಿದವು. ರೂಡಿ ವೀಡಾಫ್ಟ್ ಇದರ ಮೇಲೆ ಬೆರಗು ಹುಟ್ಟಿಸುವ ವೇಗದಲ್ಲಿ ನುಡಿಸಿ ತಟ್ಟೆಗಳನ್ನು ತುಂಬಿದ. ಕಾರ್ನೆಟ್ ವಾದಕ ಬಿಕ್ಸ್ ಬೈಡರ್‌ಬೆಕ್ ಜೊತೆ 1927ರಲ್ಲಿ ಧ್ವನಿಮುದ್ರಿಸಿದ ಫ್ರ್ಯಾಂಕಿ ಟ್ರಂಬಾವರ್ ಕೈಯಲ್ಲಿ ಅದು ನಯವಾದ, ತೂಕದ ಜಾಸ್ ವಾದ್ಯವಾಯಿತು. ಮುಂದೆ ಟೆನರ್‌ನ ದಿಗ್ಗಜನಾದ ಲೆಸ್ಟರ್ ಯಂಗ್ ತನ್ನ ಹಗುರ ನಾದಕ್ಕೆ ಟ್ರಂಬಾವರ್ ಕಾರಣ ಎಂದು ಹೇಳಿಕೊಂಡದ್ದುಂಟು. ಕೋಲ್ಮನ್ ಹಾಕಿನ್ಸ್‌ನ ದಪ್ಪ ನಾದದ ಯುಗದಲ್ಲಿ ಲೆಸ್ಟರ್ ಯಂಗ್ ಟೆನರ್ ಹಿಡಿದೂ ಹಾಗೆ ತೇಲಿದ್ದರ ಹಿಂದೆ ಮರೆಯಾದ ಒಂದು ಗಾತ್ರದ ನೆನಪಿದೆ.

ಕಂಪನಿಗಳ ಉಮೇದು ಇಲ್ಲಿಗೆ ನಿಲ್ಲಲಿಲ್ಲ. ಕಾನ್ 1928ರಲ್ಲಿ ಎಫ್ ಶ್ರುತಿಯ ಮೆಝೊ ಸೋಪ್ರಾನೊ ತಂದಿತು, ಅದರ ಜೊತೆಗೇ ಕಾನ್-ಓ-ಸ್ಯಾಕ್ಸ್ ಎಂಬ ವಿಚಿತ್ರವನ್ನೂ. ಇದು ನೇರ ಕೊಳವೆ. ತುದಿಯಲ್ಲಿ ಗಂಟೆಯ ಬದಲು ಗುಂಡನೆಯ ಬುರುಡೆ. ನಾದ ಇಂಗ್ಲಿಷ್ ಹಾರ್ನ್ ಹಾಗೆ ಬರಲಿ ಎಂಬುದು ಉದ್ದೇಶ. ಎರಡೂ ಮಾರಾಟವಾಗಲಿಲ್ಲ. 1929ರ ಆರ್ಥಿಕ ಕುಸಿತ ಬಂದು ಉಳಿದದ್ದನ್ನೂ ಮುಗಿಸಿತು. ಮಾರಾಟವಾಗದ ಮೆಝೊಗಳನ್ನು ಕಂಪನಿ ತನ್ನ ರಿಪೇರಿ ಶಾಲೆಗೆ ಕೊಟ್ಟು, ಕಲಿಯುವವರು ಜಜ್ಜಿ ಸರಿಮಾಡಿ ಅಭ್ಯಾಸ ಮಾಡಲು ಬಿಟ್ಟಿತೆಂದು ಹೇಳುತ್ತಾರೆ. ಇಂದು ಸಂಗ್ರಾಹಕರು ಅದೇ ವಾದ್ಯಕ್ಕೆ ಹುಡುಕಾಡುತ್ತಾರೆ. ಅದೇ ದಶಕದಲ್ಲಿ ಕಿಂಗ್ ಕಂಪನಿ ತಂದ ಸ್ಯಾಕ್ಸೆಲೊ, ಬಿಷರ್ ಕಂಪನಿ ತಂದ ನೇರ ಆಲ್ಟೊ ಕೂಡ ಮೂಲೆ ಸೇರಿದವು. ಅಂಥವನ್ನು ಹಳೆ ಅಂಗಡಿಯಿಂದ ಹೆಕ್ಕಿ ತಂದು ಮಾರ್ಪಡಿಸಿ, ಮಾಂಜೆಲೊ, ಸ್ಟ್ರಿಚ್ ಎಂದು ಹೊಸ ಹೆಸರಿಟ್ಟು, ಟೆನರ್ ಸಮೇತ ಮೂರನ್ನೂ ಒಟ್ಟಿಗೆ ಬಾಯಿಗಿಟ್ಟು ನುಡಿಸಿದವನು ಜಾಸ್ ವಾದಕ ರಾಸಾನ್ ರೋಲಂಡ್ ಕರ್ಕ್. ಒಬ್ಬನೇ ಮನುಷ್ಯ ಸ್ಯಾಕ್ಸೊಫೋನ್ ಮೇಳವಾದ ಏಕೈಕ ನಿದರ್ಶನವಲ್ಲದಿದ್ದರೂ, ಅದನ್ನು ಸರ್ಕಸ್ಸಿಗೆ ಇಳಿಸದೆ ಸಂಗೀತವಾಗಿ ಉಳಿಸಿದ್ದು ಅವನ ಹೆಚ್ಚುಗಾರಿಕೆ.

ಬಾಸ್‌ನ ಏಳುಬೀಳು

ಬಾಸ್ ಸ್ಯಾಕ್ಸೊಫೋನಿನ ಅದೃಷ್ಟ ತಂತ್ರಜ್ಞಾನದ ಜೊತೆ ಏರಿ ಇಳಿದದ್ದು. 1920ರ ದಶಕದ ಮಧ್ಯಭಾಗದವರೆಗೆ ಧ್ವನಿಮುದ್ರಣ ನಡೆಯುತ್ತಿದ್ದುದು ವಿದ್ಯುತ್ತಿಲ್ಲದೆ. ದೊಡ್ಡ ಕಹಳೆಯ ಮುಂದೆ ನುಡಿಸಿದರೆ ಸೂಜಿ ನೇರವಾಗಿ ಮೇಣದಲ್ಲಿ ಗೀಚುತ್ತಿತ್ತು. ಡಬಲ್ ಬಾಸ್‌ನ ತಂತಿನಾದವನ್ನು ಆ ಕಹಳೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಬಾಸ್ ಸ್ಯಾಕ್ಸೊಫೋನಿನ ಒಡಕು ಅಂಚುಳ್ಳ ಮಂದ್ರ ಹಿಡಿಯುತ್ತಿತ್ತು. ಡಾನ್ಸ್ ಬ್ಯಾಂಡುಗಳು ಅದಕ್ಕೆ ಮುಗಿಬಿದ್ದವು. ಏಡ್ರಿಯನ್ ರೊಲೀನಿ ಕ್ಯಾಲಿಫೋರ್ನಿಯ ರ‍್ಯಾಂಬ್ಲರ್ಸ್ ತಂಡದಲ್ಲೂ ಬೈಡರ್‌ಬೆಕ್ ಜೊತೆಯಲ್ಲೂ ಅದನ್ನು ಬರೀ ತಾಳ ಹೊರುವ ವಾದ್ಯವಾಗಿ ಉಳಿಸದೆ, ಆಲ್ಟೊದಷ್ಟೇ ಚುರುಕಾಗಿ ಮನೋಧರ್ಮ ನುಡಿಸುವ ವಾದ್ಯವಾಗಿಸಿದ. ಮೈಕ್ರೊಫೋನ್ ಬಂದು ವಿದ್ಯುತ್ ಧ್ವನಿಮುದ್ರಣ ಶುರುವಾದದ್ದೇ ತಂತಿಯ ಬಾಸ್ ಮರಳಿ ಬಂತು. ಅಷ್ಟು ದೊಡ್ಡ ಗಾತ್ರದ ಹಿತ್ತಾಳೆಯನ್ನು ಹೊತ್ತು ತಿರುಗುವ ಅಗತ್ಯ ಯಾರಿಗಿತ್ತು? ಸ್ವಿಂಗ್ ಯುಗದ ಬಿಗ್ ಬ್ಯಾಂಡು ಎರಡು ಆಲ್ಟೊ, ಎರಡು ಟೆನರ್, ಒಂದು ಬ್ಯಾರಿಟೋನ್ ಎಂಬ ಐದು ಮಂದಿಯ ಸಾಲಿಗೆ ಒಗ್ಗಿಕೊಂಡಿತು. ಡ್ಯೂಕ್ ಎಲಿಂಗ್ಟನ್ ತಂಡದಲ್ಲಿ 1927ರಿಂದ 1974ರವರೆಗೆ ಕೂತ ಹ್ಯಾರಿ ಕಾರ್ನಿ ಬ್ಯಾರಿಟೋನಿನ ಮಂದ್ರವನ್ನೇ ಇಡೀ ತಂಡದ ಅಡಿಪಾಯ ಮಾಡಿದ; ಬಾಸ್‌ನ ಕೊರತೆ ಯಾರಿಗೂ ಕಾಣಲಿಲ್ಲ.

ಆದರೂ ಅದು ಪೂರ್ತಿ ಅಳಿಯಲಿಲ್ಲ. ಪರ್ಸಿ ಗ್ರೇಂಜರ್ ತನ್ನ ಬ್ಯಾಂಡ್ ಕೃತಿ ‘ಲಿಂಕನ್‌ಶೈರ್ ಪೋಸಿ’ಯಲ್ಲಿ (1937) ಬಾಸ್‌ಗೆ ಬೇರೆ ಭಾಗ ಬರೆದ. ಲಿಯೊನಾರ್ಡ್ ಬರ್ನ್‌ಸ್ಟೈನ್‌ನ ‘ವೆಸ್ಟ್ ಸೈಡ್ ಸ್ಟೋರಿ’ಯ (1957) ವಾದ್ಯವೃಂದದಲ್ಲೂ ಅದಕ್ಕೆ ಜಾಗವಿತ್ತು. ಇವು ಒಂಟಿ ಮಿಂಚುಗಳು. ಬಾಸ್‌ಗೆ ನಿಯಮಿತ ಕೆಲಸ ಸಿಕ್ಕಿದ್ದು ದೊಡ್ಡ ಮೇಳಗಳು ತಲೆಯೆತ್ತಿದ ಮೇಲೆ.

ಹನ್ನೆರಡರ ಲೆಕ್ಕ

1969ರಲ್ಲಿ ಷಿಕಾಗೊದಲ್ಲಿ ಮೊದಲ ವಿಶ್ವ ಸ್ಯಾಕ್ಸೊಫೋನ್ ಸಮ್ಮೇಳನ ನಡೆಯಿತು. ಅದೇ ವರ್ಷ, ಜರ್ಮನಿಯಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಸಿಗುರ್ಡ್ ರಾಶರ್ ತನ್ನ ಮಗಳು ಕರೀನಾ ಜೊತೆ ರಾಶರ್ ಚತುಷ್ಟಯ ಕಟ್ಟಿದರು. ಮ್ಯೂಲ್ ಫ್ರೆಂಚ್ ಪರಂಪರೆಯವರು, ಹೊಳೆಯುವ, ಕಂಪನ ತುಂಬಿದ ನಾದ ಅವರದು. ರಾಶರ್‌ಗೆ ಬೇಕಿದ್ದುದು ಸ್ಯಾಕ್ಸ್ ಕಾಲದ ಮೌತ್‌ಪೀಸಿನ ಗುಂಡನೆಯ ಒಳಕೋಣೆ ಕೊಡುವ ಮೆತ್ತನೆಯ, ಒಂದರೊಳಗೊಂದು ಬೆರೆಯುವ ನಾದ. ಯಾನಿಸ್ ಕ್ಸೆನಾಕಿಸ್ ‘ಕ್ಸಾಸ್’ (1987) ಬರೆದದ್ದು, ಫಿಲಿಪ್ ಗ್ಲಾಸ್ ಸ್ಯಾಕ್ಸೊಫೋನ್ ಚತುಷ್ಟಯಕ್ಕೆ ಕನ್ಚೆರ್ಟೊ (1995) ಬರೆದದ್ದು ರಾಶರ್ ಚತುಷ್ಟಯಕ್ಕಾಗಿ. ಒಂದೇ ವಾದ್ಯದ ಮೇಲೆ ಎರಡು ಪಂಥಗಳು ಹೀಗೆ ದಶಕಗಟ್ಟಲೆ ಜಗಳವಾಡಿದ್ದರಿಂದ ಕೃತಿಗಳಂತೂ ಹೆಚ್ಚಿದವು.

ಚತುಷ್ಟಯದಾಚೆ ಹೆಜ್ಜೆ ಹಾಕಿದವರಲ್ಲಿ ಮುಖ್ಯರು ಬೋರ್ಡೊ ನಗರದ ಜಾನ್ ಮರಿ ಲೊಂಡೆ. 1970ರ ದಶಕದ ಕೊನೆಯ ಹೊತ್ತಿಗೆ ಅವರು ಕಟ್ಟಿದ ಮೇಳದಲ್ಲಿ ಹನ್ನೆರಡು ಮಂದಿ: ಸೋಪ್ರನೀನೊ ಒಂದು, ಸೋಪ್ರಾನೊ ಎರಡು, ಆಲ್ಟೊ ಮೂರು, ಟೆನರ್ ಮೂರು, ಬ್ಯಾರಿಟೋನ್ ಎರಡು, ಬಾಸ್ ಒಂದು. ಈ ಲೆಕ್ಕ ಅಲ್ಲಿಂದ ಮುಂದೆ ಹಲವು ದೇಶಗಳ ಸಂಗೀತ ಶಾಲೆಗಳಲ್ಲಿ ರೂಢಿಯಾಯಿತು. ನಡುವೆ ದಟ್ಟ, ಎರಡು ತುದಿಯಲ್ಲಿ ತೆಳುವಾದ ಈ ಜೋಡಣೆಯಲ್ಲಿ ಜಾಣತನವಿದೆ. ಸೋಪ್ರನೀನೊ ಒಂದೇ ಸಾಕು, ಎರಡಾದರೆ ಶ್ರುತಿ ಸೇರಿಸುವುದರಲ್ಲೇ ಹೊತ್ತು ಹೋಗುತ್ತದೆ. ಬಾಸ್ ಒಂದಾದರೂ ಇರಲೇಬೇಕು, ಇಲ್ಲದಿದ್ದರೆ ಹನ್ನೊಂದು ಮಂದಿಯ ನಾದಕ್ಕೆ ನೆಲ ಸಿಗುವುದಿಲ್ಲ. ಬ್ಯಾರಿಟೋನ್ ಎಷ್ಟೇ ಗಟ್ಟಿ ಊದಿದರೂ ಅದರ ಕೆಳಮಿತಿ 65ರಿಂದ 69 ಹರ್ಟ್ಜ್. ಬಾಸ್ 52ರವರೆಗೆ ಇಳಿಯುತ್ತದೆ. ಅಂಕಿಯಲ್ಲಿ ಸಣ್ಣ ಅಂತರ, ಮೇಳದಲ್ಲಿ ದೊಡ್ಡದು.

ಜಾಸ್ ಕಡೆಯವರು ಇದೇ ಕಾಲಕ್ಕೆ ಇನ್ನೊಂದು ಪ್ರಶ್ನೆ ಕೇಳಿದರು: ಡ್ರಮ್, ಪಿಯಾನೊ, ಬಾಸ್ ಯಾವುದೂ ಇಲ್ಲದೆ ಬರೀ ಸ್ಯಾಕ್ಸೊಫೋನುಗಳು ಜಾಸ್ ನುಡಿಸಬಲ್ಲವೇ? 1947ರಲ್ಲೇ ವುಡಿ ಹರ್ಮನ್ ತಂಡ ಮೂರು ಟೆನರ್, ಒಂದು ಬ್ಯಾರಿಟೋನ್ ಸೇರಿಸಿ ‘ಫೋರ್ ಬ್ರದರ್ಸ್’ ನುಡಿಸಿತ್ತು, ಆದರೆ ಬೆನ್ನಿಗೆ ಪೂರ್ತಿ ಬ್ಯಾಂಡಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಜೂಲಿಯಸ್ ಹೆಂಪಿಲ್, ಆಲಿವರ್ ಲೇಕ್, ಡೇವಿಡ್ ಮರ್ರಿ, ಹ್ಯಾಮಿಯೆಟ್ ಬ್ಲೂಯೆಟ್ ಸೇರಿದ ವರ್ಲ್ಡ್ ಸ್ಯಾಕ್ಸೊಫೋನ್ ಕ್ವಾರ್ಟೆಟ್ ಆ ಬೆನ್ನನ್ನೂ ಕಿತ್ತುಹಾಕಿತು. ಬ್ಲೂಯೆಟ್‌ನ ಬ್ಯಾರಿಟೋನ್ ತಾಳವನ್ನೂ ಮಂದ್ರವನ್ನೂ ಹೊತ್ತಿತು, ಉಳಿದ ಮೂವರು ಹಾರಾಡಿದರು. ಸ್ಯಾನ್ ಫ್ರಾನ್ಸಿಸ್ಕೊದ ರೋವಾ ಚತುಷ್ಟಯ ಅದೇ ಹೊತ್ತಿಗೆ ಇನ್ನಷ್ಟು ಅಮೂರ್ತ ದಾರಿ ಹಿಡಿಯಿತು. ಫ್ರಾನ್ಸ್‌ನಲ್ಲಿ ಗಿಲ್ಬರ್ಟ್ ಆರ್ಟ್‌ಮನ್ ಕಟ್ಟಿದ ಅರ್ಬನ್ ಸ್ಯಾಕ್ಸ್ ಹತ್ತಾರು ವಾದಕರಿಗೆ ಅನ್ಯಗ್ರಹದವರಂತೆ ಉಡುಪು ತೊಡಿಸಿ, ಊರಿನ ಕಟ್ಟಡಗಳ ಮೇಲಿಂದ ಇಳಿಸಿ ನುಡಿಸಿತು. ಕ್ಯಾಲಿಫೋರ್ನಿಯದ ನ್ಯೂಕ್ಲಿಯರ್ ವೇಲ್ಸ್ ಎಂಬ ಆರು ಮಂದಿಯ ತಂಡ ಹಾಸ್ಯ ಬೆರೆಸಿ, ಸೋಪ್ರನೀನೊದಿಂದ ಕಾಂಟ್ರಾಬಾಸ್‌ವರೆಗೆ ಒಂದೇ ವೇದಿಕೆಯಲ್ಲಿ ತೋರಿಸಿತು. ಬ್ರೌನ್ ಸೋದರರ ವಾರಸುದಾರರು ಇವರೇ ಎನ್ನಬಹುದು.

ಎರಡು ತುದಿಗಳು

ಕಾಂಟ್ರಾಬಾಸ್ ಎಂದರೆ ಸುಮಾರು ಎರಡು ಮೀಟರ್ ಎತ್ತರ, ಇಪ್ಪತ್ತು ಕಿಲೊ ಆಸುಪಾಸು ತೂಕ. ಕೊರಳಿಗೆ ಹಾಕಿಕೊಳ್ಳುವ ಮಾತೇ ಇಲ್ಲ. ಸ್ಟ್ಯಾಂಡಿಗೆ ನಿಲ್ಲಿಸಿ, ಕೆಲವೊಮ್ಮೆ ತಾವೂ ಎತ್ತರದ ಸ್ಟೂಲಿನ ಮೇಲೆ ಕೂತು ನುಡಿಸಬೇಕು. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಇಂಥವು ಜಗತ್ತಿನಲ್ಲಿ ಬೆರಳೆಣಿಕೆಯಷ್ಟಿದ್ದವು. ಆಂಥನಿ ಬ್ರಾಕ್ಸ್‌ಟನ್, ಸ್ಕಾಟ್ ರಾಬಿನ್ಸನ್‌ರಂಥ ಜಾಸ್ ಕಲಾವಿದರು ಅದನ್ನು ಹಿಡಿದಾಗ ವಾದ್ಯವೇ ಸುದ್ದಿಯಾಗುತ್ತಿತ್ತು. ತೊಂದರೆ ಬರೀ ಗಾತ್ರದ್ದಲ್ಲ. ಸ್ವರರಂಧ್ರಗಳನ್ನು ಮುಚ್ಚುವ ಚರ್ಮದ ಪ್ಯಾಡುಗಳು ತಟ್ಟೆಯಗಲ. ಅವನ್ನು ಎಳೆಯುವ ಕಡ್ಡಿಗಳು ಉದ್ದ. ಉದ್ದ ಕಡ್ಡಿ ಬಳುಕಿದರೆ ಎಲ್ಲೋ ಒಂದೆಡೆ ಗಾಳಿ ಸೋರುತ್ತದೆ, ಸೋರಿದರೆ ಮಂದ್ರಸ್ವರ ಹೊರಡುವುದೇ ಇಲ್ಲ.

ಮ್ಯೂನಿಕ್‌ನ ತಯಾರಕ ಬೆನೆಡಿಕ್ಟ್ ಎಪಲ್ಸ್‌ಹೈಮ್ 1999ರ ಹೊತ್ತಿಗೆ ಇದಕ್ಕೊಂದು ಉತ್ತರ ಕೊಟ್ಟರು. ಕೊಳವೆಯ ಶಂಕುವನ್ನು ಕಿರಿದಾಗಿಸಿ, ಹೆಚ್ಚು ಸಲ ಮಡಚಿ, ಇಡೀ ಕಾಂಟ್ರಾಬಾಸನ್ನು ಹೆಚ್ಚುಕಡಿಮೆ ಬ್ಯಾರಿಟೋನಿನಷ್ಟು ಜಾಗಕ್ಕೆ ಇಳಿಸಿದರು. ಟ್ಯೂಬ್ಯಾಕ್ಸ್ ಎಂದು ಹೆಸರು. ಬ್ಯಾರಿಟೋನಿನ ಮೌತ್‌ಪೀಸನ್ನೇ ಹಾಕಿ ನುಡಿಸಬಹುದು. ಅದರ ಹಿಂದೆಯೇ ಬಿ ಫ್ಲಾಟ್ ಸಬ್‌ಕಾಂಟ್ರಾಬಾಸ್ ಟ್ಯೂಬ್ಯಾಕ್ಸ್ ಬಂತು. ಕೊಳವೆ ಕಿರಿದಾದ್ದರಿಂದ ಇದು ನಿಜವಾದ ಸ್ಯಾಕ್ಸೊಫೋನೇ ಅಲ್ಲ ಎಂದು ವಾದಿಸುವವರಿದ್ದಾರೆ. ನಾದದಲ್ಲಿ ಒಂದಿಷ್ಟು ಒರಟು, ಬಸೂನಿನ ಕಡೆಯ ನೆರಳು ಇರುವುದು ದಿಟ. ಆದರೆ ರೈಲಿನಲ್ಲಿ ಒಯ್ಯಬಹುದಾದ ವಾದ್ಯದ ಮುಂದೆ ಒಯ್ಯಲಾಗದ ಶುದ್ಧ ವಾದ್ಯ ಗೆಲ್ಲುವುದು ಕಷ್ಟ. ಬ್ರೆಜಿಲ್‌ನ ಜೆಲ್ ಸ್ಟೈನರ್ ಸಂಸ್ಥೆ ಶಂಕುವನ್ನು ಕಿರಿದಾಗಿಸದೆ ಕಾಂಟ್ರಾಬಾಸನ್ನೂ, ಆಮೇಲೆ ಸಬ್‌ಕಾಂಟ್ರಾಬಾಸನ್ನೂ ಮಾಡಿತು. ಸ್ಯಾಕ್ಸ್‌ನ ಕಲ್ಪನೆಯ ಅತಿ ಕೆಳಗಿನ ಮೆಟ್ಟಿಲು ಹಿತ್ತಾಳೆಯ ರೂಪದಲ್ಲಿ ನಿಂತದ್ದು ಅವನು ಸತ್ತು ನೂರು ವರ್ಷ ದಾಟಿದ ಮೇಲೆ.

ಮೇಲಿನ ತುದಿಯ ಕಷ್ಟ ಇದಕ್ಕೆ ತದ್ವಿರುದ್ಧ. ಎಪಲ್ಸ್‌ಹೈಮ್ ಅವರದೇ ಸೋಪ್ರಿಲ್ಲೊ ಮೌತ್‌ಪೀಸ್ ಸೇರಿ 33 ಸೆಂಟಿಮೀಟರ್. ಶಂಕುವಿನ ಚೂಪು ತುದಿಯನ್ನು ಕತ್ತರಿಸಿ ಆ ಜಾಗಕ್ಕೆ ಮೌತ್‌ಪೀಸ್ ಕೂರಿಸುವುದು ಎಲ್ಲ ಸ್ಯಾಕ್ಸೊಫೋನಿನ ನಿಯಮ. ಕತ್ತರಿಸಿದ ತುದಿಯಲ್ಲಿ ಎಷ್ಟು ಗಾಳಿ ಇತ್ತೋ ಸರಿಸುಮಾರು ಅಷ್ಟೇ ಗಾಳಿ ಮೌತ್‌ಪೀಸಿನ ಒಳಗಿರಬೇಕು. ಸೋಪ್ರಿಲ್ಲೊದಲ್ಲಿ ಆ ಪ್ರಮಾಣ ಎಷ್ಟು ಕಡಿಮೆಯೆಂದರೆ, ಮೇಲಿನ ಸ್ಥಾಯಿಗೆ ಹಾರಿಸುವ ರಂಧ್ರ ಕೊಳವೆಯಲ್ಲಿ ಹಿಡಿಸದೆ ಮೌತ್‌ಪೀಸಿನಲ್ಲೇ ಕೊರೆಯಬೇಕಾಯಿತು. ಬಾಯಿ ಕೂದಲೆಳೆಯಷ್ಟು ಸಡಿಲಿಸಿದರೂ ಸ್ವರ ಜಾರುತ್ತದೆ. ಗಟ್ಟಿ ತುಟಿಯ, ಗಟ್ಟಿ ಕಿವಿಯ ಕೆಲವರೇ ಇದರಲ್ಲಿ ಕಛೇರಿ ಮಾಡಬಲ್ಲರು. ಸೋಪ್ರನೀನೊ ಇಷ್ಟು ಕ್ರೂರವಲ್ಲ. ಪ್ಯಾರಿಸ್ಸಿನ ಸೆಲ್ಮರ್ ಕಂಪನಿ ಸೋಪ್ರನೀನೊದಿಂದ ಬಾಸ್‌ವರೆಗೆ, ಜಪಾನಿನ ಯಾನಗಿಸಾವಾ ಸೋಪ್ರನೀನೊದಿಂದ ಬ್ಯಾರಿಟೋನ್‌ವರೆಗೆ ತಯಾರಿಸುತ್ತ ಬಂದಿವೆ. ಎರಡು ತುದಿಯ ಈ ಗಾತ್ರಗಳನ್ನು ಕೊಳ್ಳುವವರು ಸಾಮಾನ್ಯವಾಗಿ ವ್ಯಕ್ತಿಗಳಲ್ಲ, ಸಂಗೀತ ಶಾಲೆಗಳು ಮತ್ತು ಮೇಳಗಳು. ಸಂಸ್ಥೆಯ ಕಪಾಟಿನಲ್ಲಿ ಒಂದು ಬಾಸ್ ಇದ್ದರೆ ವರ್ಷಕ್ಕೊಬ್ಬ ವಿದ್ಯಾರ್ಥಿ ಅದನ್ನು ಹಿಡಿಯುತ್ತಾನೆ. ಅವನಿಗಾಗಿ ಒಬ್ಬ ರಚನಕಾರ ಒಂದು ಭಾಗ ಬರೆಯುತ್ತಾನೆ.

ಕರಾವಳಿಯ ಇನ್ನೊಂದು ಮೇಳ

ಕರ್ನಾಟಕಕ್ಕೆ ಸ್ಯಾಕ್ಸೊಫೋನ್ ಬಂದದ್ದು ಯುರೋಪಿನಲ್ಲಿ ಅದು ಬೆಳೆದ ಬಾಗಿಲಿನಿಂದಲೇ, ಅಂದರೆ ಬ್ಯಾಂಡಿನಿಂದ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಹುಡುಗ ಕದ್ರಿ ಗೋಪಾಲನಾಥ್. ಅವರು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದರು, ತಂದೆ ತನಿಯಪ್ಪ ನಾಗಸ್ವರ ವಾದಕರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಹೊರಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅಮೆರಿಕದ ಆಲ್ಟೊ ವಾದಕ ರುದ್ರೇಶ್ ಮಹಂತಪ್ಪ ಅವರೊಡನೆ ಮಾಡಿದ ‘ಕಿನ್ಸ್‌ಮೆನ್’ (2008) ಧ್ವನಿಮುದ್ರಿಕೆಯಲ್ಲಿ ಎರಡು ಆಲ್ಟೊಗಳು ಎದುರುಬದುರು ಕೂತಿವೆ: ಒಂದು ಜಾಸ್‌ನಲ್ಲಿ ಬೆಳೆದದ್ದು, ಇನ್ನೊಂದು ರಾಗದಲ್ಲಿ.

ಗೋಪಾಲನಾಥ್ ಅವರ ದಾರಿ ಕಛೇರಿಯದು. ಕರಾವಳಿಯಲ್ಲಿ ಸ್ಯಾಕ್ಸೊಫೋನ್ ಮೇಳವಾದದ್ದು ದೇವಸ್ಥಾನ, ನೇಮ, ಮದುವೆಗಳ ವಾಲಗದಲ್ಲಿ. ನಾಗಸ್ವರದ ಜೊತೆಗೋ ಅದರ ಜಾಗದಲ್ಲೋ ಇಬ್ಬರು ಮೂವರು ಸ್ಯಾಕ್ಸೊಫೋನ್ ಹಿಡಿದು, ಡೋಲು, ತಾಸೆಗಳ ಅಬ್ಬರದ ನಡುವೆ ನುಡಿಸುವುದು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಈಗ ಮಾಮೂಲು. ವಾದ್ಯಗಳು ಬಹುತೇಕ ಆಲ್ಟೊಗಳೇ. ಯುರೋಪಿನ ಮೇಳಕ್ಕೆ ಬಗೆಬಗೆಯ ಗಾತ್ರ ಬೇಕಾದದ್ದು ಅಲ್ಲಿನ ಸಂಗೀತ ಸ್ವರದ ಮೇಲೆ ಸ್ವರ ಪೇರಿಸುವುದರಿಂದ. ಪ್ರತಿ ಅಂತಸ್ತಿಗೂ ಒಂದು ಕಂಠ ಬೇಕು. ವಾಲಗದವರು ಒಂದೇ ಧಾಟಿಯನ್ನು ಒಟ್ಟಾಗಿ ನುಡಿಸುತ್ತಾರೆ, ಒಬ್ಬರು ಉಸಿರೆಳೆದಾಗ ಇನ್ನೊಬ್ಬರು ಮುಂದುವರಿಸುತ್ತಾರೆ. ಮಂದ್ರದ ಕೆಲಸವನ್ನು ಚರ್ಮವಾದ್ಯಗಳು ಮಾಡುತ್ತವೆ, ಆಧಾರ ಷಡ್ಜವನ್ನು ಶ್ರುತಿ ಹಿಡಿದಿರುತ್ತದೆ. ಷಡ್ಜ ಎಲ್ಲಿ ಬೇಕಾದರೂ ನಿಲ್ಲಬಲ್ಲ ಸಂಗೀತದಲ್ಲಿ ಬಿ ಫ್ಲಾಟ್, ಇ ಫ್ಲಾಟ್ ಎಂಬ ಭೇದವೂ ಅಷ್ಟಾಗಿ ಕಾಡುವುದಿಲ್ಲ. ಬ್ಯಾರಿಟೋನಿಗೋ ಬಾಸ್‌ಗೋ ಇಲ್ಲಿ ಕೆಲಸವೇ ಹುಟ್ಟಲಿಲ್ಲ. ಮೆರವಣಿಗೆಯಲ್ಲಿ ಮೈಲಿಗಟ್ಟಲೆ ನಡೆದು ನುಡಿಸುವ ವಾದಕನಿಗೆ ಎರಡೂವರೆ ಕಿಲೊದ ಆಲ್ಟೊವೇ ಸಾಕಷ್ಟು ಭಾರ.